ಮಾವನವರ ಗದ್ದುಗೆಯ ಮೇಲೆ ಊಟದ ಡಬ್ಬಿಗಳು

ನನ್ನ ತಂಗಿ ಸೋಲಾಪುರದಲ್ಲಿ, ವಿಜಾಪುರ ರಸ್ತೆಯ ಕಡೆ, ಒಂದು ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾಳೆ. ಮಕ್ಕಳನ್ನು ಒಮ್ಮೆಯಾದರೂ ನಮ್ಮ ಹೊಲಕ್ಕೆ ಕರೆತರಬೇಕೆಂದು ಅವಳದು ಬಹಳ ದಿನದ ವರಾತ.

"ಬಾವಿ ಚಿತ್ರಾ ತಗೀರಿ ಅಂದ್ರ ಗೋಲ ತಗದು ಅದಕ್ಕೊಂದು ನಳಾ ಹಚ್ಯಾರ ಅಕ್ಕಾ. ನಗಬೇಕೋ ಅಳಬೇಕೋ ಹೇಳು."

ಕೊನೆಗೆ ಈ ವರ್ಷ ಅವರ ಹೆಡ್ ಬಾಯಿ ಒಪ್ಪಿದರು. ಅಲ್ಲಿ ಶಿಕ್ಷಕಿಯರಿಗೆ ಬಾಯಿ ಅನ್ನುವುದೇ ರೂಢಿ. ಆದರೆ ಯಾವ ಕಡೆಯಿಂದಲೂ ಒಂದು ತಕರಾರು ಬರಕೂಡದು, ಬಂದರೆ ಇದೇ ಕೊನೆಯ ಟ್ರಿಪ್ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಸೋಲಾಪುರದ ಒಪ್ಪಿಗೆ ಸಿಕ್ಕಿತು, ನಮ್ಮೂರು ಮೈಂದರ್ಗಿಯ ಒಪ್ಪಿಗೆ ಉಳಿದಿತ್ತು. ಅಂದರೆ ನನ್ನ ಅತ್ತೆಯದು. ನಮ್ಮ ಹೊಲ ಊರಿಗೆ ಹತ್ತಿರವೇ. ಅದರ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಮಾವನವರ ಗದ್ದುಗೆ ಇದೆ. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಡುತ್ತೇವೆ. ಮೇಲೊಂದು ಕಟ್ಟೆ ಕಟ್ಟುತ್ತೇವೆ. ಅತ್ತೆ ಸೋಮವಾರ ತಪ್ಪದೆ ಹೋಗಿ ಆ ಕಟ್ಟೆಯನ್ನು ತೊಳೆದು, ಒಂದು ಎಸಳು ಪತ್ರಿ ಏರಿಸಿ, ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ನಾನು ಸೊಸೆಯಾಗಿ ಇಷ್ಟು ವರ್ಷವಾಯಿತು, ಕಾಲು ತೊಳೆಯದೆ ಅದರ ಹತ್ತಿರ ಹೋದವಳಲ್ಲ. ಮಕ್ಕಳು ಬರುವ ವಿಷಯವನ್ನು ನಾನೇ ಅತ್ತೆಯ ಮುಂದೆ ತೆಗೆದೆ. ಮರುದಿನ ಭಕ್ಕರಿ ಬಡಿಯುತ್ತ ಕೂತಾಗ ತಾವಾಗಿಯೇ ಹೇಳಿದರು:

"ಬರ್ಲಿ. ಆದ್ರ ಅವರ ಸುದ್ದಿ ಮಕ್ಕಳ ಮುಂದ ತಗೀಬ್ಯಾಡ್ರಿ. ಸಣ್ಣವು, ಅಂಜ್ತಾವ."

ನನಗೂ ತಂಗಿಗೂ ಅದು ಸರಿಯೆನಿಸಿತು. ಹಾಗಾಗಿ ಆ ಕಟ್ಟೆ ಏನೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ.

ಸಂಕ್ರಾಂತಿ ಮುಗಿದ ಮರುವಾರ ಬಂದರು, ನಾಲ್ಕನೇ ಇಯತ್ತೆಯ ಮಕ್ಕಳು. ಬಸ್ಸಿನಿಂದ ಇಳಿದವರೇ ಕಡಲೆ ಹೊಲಕ್ಕೆ ನುಗ್ಗಿದರು. ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಿರಿ ಎಂದಳು ತಂಗಿ. ನೆಕ್ಕಿದವರ ಮುಖ ನೋಡಬೇಕಿತ್ತು. "ಬಾಯಿ, ಇದಕ್ಕ ಉಪ್ಪು ಯಾರು ಹಾಕ್ಯಾರ?" ಎಂದು ಒಬ್ಬ ಕೇಳಿದ. ಎಲೆಯ ಹುಳಿಯೇ ಹಾಗೆ ಎಂದರೆ ನಂಬದೆ ಮತ್ತೊಮ್ಮೆ ನೆಕ್ಕಿದ. ಜೋಳದ ಪಕ್ಕ ನಿಂತು ಯಾರು ಎತ್ತರ ಎಂದು ನೋಡಿಕೊಂಡರು, ಜೋಳವೇ ಗೆದ್ದಿತು. ಬಾವಿಯಲ್ಲಿ ತಮ್ಮ ಹೆಸರು ಕೂಗಿ, ಅದು ವಾಪಸು ಬಂದಾಗ ಬಾವಿ ಹೌಹಾರುವ ಹಾಗೆ ಕಿರುಚಿದರು. ಮೂರೂ ಹೊತ್ತು ಶಾಲೆಯ ಬಗ್ಗೆ ಗೊಣಗುವ ನನ್ನ ತಂಗಿಯ ಮುಖದಲ್ಲಿ ಆ ದಿನದ ಕಳೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಊಟಕ್ಕೆ ಬಾವಿಯ ಪಕ್ಕದ ಹುಣಸೆಯ ನೆರಳಲ್ಲಿ ನಾನೇ ಜಮಖಾನ ಹಾಸಿದ್ದೆ, ಗದ್ದುಗೆಯಿಂದ ದೂರ ಇರಲೆಂದೇ. ಆಮೇಲೆ ಅತ್ತೆ ಮತ್ತು ನಾನು ಮಜ್ಜಿಗೆ ತರಲು ಗುಡಿಸಲ ಒಳಗೆ ಹೋದೆವು. ಆ ಹೊತ್ತಿನಲ್ಲೇ ನೀರಿನ ಪೈಪಿನ ಜೋಡು ಕಳಚಿ ಜಮಖಾನವೆಲ್ಲ ತೋಯ್ದಿದೆ. ತಂಗಿ ಒಂದು ಹುಡುಗಿಯ ಅಂಗಾಲಿನ ಮುಳ್ಳು ತೆಗೆಯುತ್ತ ಆಚೆ ಕೂತಿದ್ದಳು. ಹಸಿದ ಮಕ್ಕಳು ಡಬ್ಬಿ ಎತ್ತಿಕೊಂಡು ಒಣ ಜಾಗ ಹುಡುಕಿಕೊಂಡಿವೆ. ಇಡೀ ಹೊಲದಲ್ಲಿ ಗುಡಿಸಿ ತೊಳೆದ, ನೆರಳಿರುವ, ಸಪಾಟಾದ ಜಾಗ ಇನ್ನೆಲ್ಲಿತ್ತು?

ನಾನು ಕೊಡ ಹೊತ್ತು ಹೊರಬಂದೆ. ಗದ್ದುಗೆಯ ಮೇಲೆ ಹತ್ತು ಹನ್ನೆರಡು ಮಕ್ಕಳು, ಉಳಿದವರು ಸುತ್ತಲೂ. ಒಬ್ಬಳು ನಟ್ಟನಡುವೆ ಕೂತು ಶೇಂಗಾ ಚಟ್ನಿ ಹಂಚುತ್ತಿದ್ದಳು. ಒಬ್ಬ ತನ್ನ ಬೂಟುಗಳನ್ನು ಅತ್ತೆ ಪತ್ರಿ ಏರಿಸುವ ಜಾಗದಲ್ಲಿ ನೀಟಾಗಿ ಜೋಡಿಸಿ ಇಟ್ಟಿದ್ದ.

ಹಿಂದೆ ಅತ್ತೆ ಇದ್ದರು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ತಂಗಿ ಅಲ್ಲಿಂದಲೇ ಕಂಡವಳು, ಮುಳ್ಳಿನ ಹುಡುಗಿಯನ್ನು ಬಿಟ್ಟು ಓಡಿ ಬಂದಳು.

"ಏಳ್ರಿ! ಇಳೀರಿ ಮೊದ್ಲ! ಅದು ಕುಂದ್ರೂ ಜಾಗಾ ಅಲ್ಲ, ಗದ್ದಿಗಿ ಅದು, ಗದ್ದಿಗಿ!"

ಮಕ್ಕಳು ಇಳಿದರು, ತುತ್ತು ಬಾಯಲ್ಲೇ. ಒಂದು ಡಬ್ಬಿ ಉರುಳಿ ಪಲ್ಲೆ ಕಟ್ಟೆಯ ಮೇಲೆಲ್ಲ ಹರಡಿತು. ಬೂಟಿನ ಹುಡುಗ ಕೇಳಿದ:

"ಅಂದ್ರ ಇದರಾಗ ಹೆಣಾ ಐತೇನ್ರಿ ಬಾಯಿ?"

ಆ ಮಾತು ಬಿದ್ದದ್ದೇ ತಡ, ಚಟ್ನಿಯ ಹುಡುಗಿ ತನ್ನ ಕೈ ನೋಡಿಕೊಂಡು ಅಳತೊಡಗಿದಳು. ಮುಗಿಯಿತು ಎಂದುಕೊಂಡೆ. ಅತ್ತೆ ಇನ್ನು ಯಾವ ಮಗುವನ್ನೂ ಈ ಬದು ದಾಟಲು ಬಿಡುವುದಿಲ್ಲ, ಮಕ್ಕಳು ಮನೆಗೆ ಹೋಗಿ ಹೇಳದೆ ಇರುವುದಿಲ್ಲ.

ಅತ್ತೆ ನನ್ನನ್ನು ದಾಟಿ ಮುಂದೆ ಹೋದರು.

"ಹೆಣಾ ಅನಬ್ಯಾಡೋ ತಮ್ಮಾ. ನಮ್ಮ ಮನಿ ಹಿರ್ಯಾರು ಕುಂತಾರ."

"ಕುಂತಾರ? ಮಲ್ಕೊಂಡಿಲ್ಲಾ?"

"ಇಲ್ಲ. ಚಕ್ಕಳಮಕ್ಕಳ ಹಾಕ್ಕೊಂಡು ಕುಂತಾರ. ನೀವೀಗ ಉಣ್ಣಾಕ ಕುಂತಿದ್ರಲ್ಲ, ಹಂಗ."

ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು.

"ಯಾವ ಕಡಿ ಮಾರಿ ಮಾಡ್ಯಾರ ಆಜಿ?"

"ಬಾವಿ ಕಡಿ."

"ನಮ್ಮ ಗದ್ಲಾ ಕೇಳಸ್ತೈತೇನು ಅವರಿಗೆ?"

"ಕೇಳಿಸಿದ್ರ ಇಷ್ಟೊತ್ತಿಗೆ ಬಡಿಗಿ ತಗೊಂಡು ಎದ್ದು ಬರ್ತಿದ್ರು! ಇದ್ದಾಗ ಒಂದು ಹುಡುಗನ್ನ ಕಡ್ಲಿಗಿಡಾ ಮುಟ್ಟಗೊಟ್ಟಾವರಲ್ಲ. ಇವತ್ತ ನೋಡು, ಇಡೀ ಸಾಲಿ ತಲಿ ಮ್ಯಾಲ ಕುಂತೈತಿ."

ಹೀಗೆಂದು ಅತ್ತೆ ನಕ್ಕರು. ಗದ್ದುಗೆಯ ಮುಂದೆ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೆಗಲು ಕುಣಿಯುವ ಹಾಗೆ. ಮಾವನವರು ಹೋದ ಮೇಲೆ ಆ ಜಾಗದಲ್ಲಿ ಅತ್ತೆಯ ನಗು ಕೇಳಿದ್ದು ಅದೇ ಮೊದಲು. ಕೊಡ ಇಳಿಸುವುದು ನನಗೆ ಮರೆತೇ ಹೋಗಿತ್ತು.

ಚಟ್ನಿಯ ಹುಡುಗಿ ಅಳು ನಿಲ್ಲಿಸಿದ್ದಳು. ಕಟ್ಟೆಯ ಪಕ್ಕದಲ್ಲಿ ಸಾಲುಗಲ್ಲು ಹಾಕಿ ಬಿಟ್ಟಿದ್ದ ಖಾಲಿ ನೆಲವನ್ನು ತೋರಿಸಿ, "ಇಲ್ಲಿ ಯಾರದಾರ?" ಎಂದಳು. ತಂಗಿ ಅವಳ ಬಾಯಿ ಮುಚ್ಚಿಸಲು ಕೈ ಚಾಚಿದಳು.

"ಅಲ್ಲಿನ್ನೂ ಯಾರೂ ಇಲ್ಲ. ಅದು ನನ್ನ ಜಾಗಾ," ಎಂದರು ಅತ್ತೆ.

ನಮಗೆ ಗೊತ್ತಿಲ್ಲದ ಸಂಗತಿ ಅಲ್ಲ ಅದು. ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಹೀಗೆ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿದವರ ಹಾಗೆ ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಅತ್ತೆ ಆ ಸಾಲುಗಲ್ಲು ದಾಟಿ ಒಳಗೆ ಹೋಗಿ, ನೆಲ ಝಾಡಿಸಿ, ಕೂತೇಬಿಟ್ಟರು.

"ಬರ್ರಿ, ಇಲ್ಲಿ ಕುಂದರ್ರಿ. ಹಸಗೊಂಡು ನಿಂತೀರಿ. ಏ ಹುಡುಗೀ, ಏನ್ ನೋಡಾಕತ್ತಿ, ಮಜ್ಜಿಗಿ ಹಾಕು."

ಕೊನೆಯದು ನನಗೆ. ಮಕ್ಕಳು ತಂಗಿಯ ಮುಖ ನೋಡಿದರು. ಬೂಟಿನ ಹುಡುಗ ಮೊದಲು ಹೋಗಿ ಕೂತ. ನಾನು ಮಜ್ಜಿಗೆ ಹಾಕುತ್ತ ಹೋದೆ, ಅರ್ಧ ಲೋಟಕ್ಕೆ, ಅರ್ಧ ಮಣ್ಣಿಗೆ.

ತಕರಾರು ಮರುದಿನವೇ ಬಂತು. ಆ ಚಟ್ನಿಯ ಹುಡುಗಿ ಮನೆಗೆ ಹೋದವಳೇ ತನ್ನ ಅಜ್ಜಿಯನ್ನು, "ನಿನ್ನ ಜಾಗಾ ಎಲ್ಲೈತಿ?" ಎಂದು ಕೇಳಿದಳಂತೆ. ಸೋಲಾಪುರದ ಪೇಟೆಯ ದೊಡ್ಡ ಮನೆ ಅದು. ಅಜ್ಜಿ ಊಟ ಬಿಟ್ಟು ಎದ್ದರು, ಮಗ ಶಾಲೆಗೆ ಬಂದು ಕೂಗಾಡಿದ. ಮಕ್ಕಳಿಗೆ ಮಸಣದಲ್ಲಿ ಊಟ ಹಾಕಿಸಿದ್ದಾರೆ ಎಂದು. ಟ್ರಿಪ್ ಬಂದ್ ಎಂದರು ಹೆಡ್ ಬಾಯಿ. ತಂಗಿ ಫೋನಿನಲ್ಲಿ ಇದನ್ನು ಹೇಳುತ್ತ ಬಿಕ್ಕಿದಳು. ಸ್ಪೀಕರ್ ಹಾಕಿದ್ದೆ, ಅತ್ತೆಗೂ ಕೇಳಿಸಿತು.

"ಮಸಣಾ?" ಅತ್ತೆ ನನ್ನ ಕಡೆ ತಿರುಗಿದರು. ಆ ಮುಖ ಈಗಲೂ ಕಣ್ಣ ಮುಂದಿದೆ. ಗಂಡನ ತಲೆಯ ಮೇಲೆ ಮಕ್ಕಳು ಕೂತದ್ದಕ್ಕೆ ನಕ್ಕ ಹೆಂಗಸಿಗೆ ಈ ಒಂದು ಮಾತು ಕಪಾಳಕ್ಕೆ ಹೊಡೆದ ಹಾಗಾಗಿತ್ತು. "ಜ್ವಾಳಾ ಬೆಳ್ಯೂ ಹೊಲಕ್ಕ ಮಸಣಾ ಅಂದ್ರಾ? ಹಚ್ಚು ಫೋನ್ ಆ ಹೆಡ್ ಬಾಯಿಗೆ."

ಬೇಡವೆಂದೆ. ಕೇಳಲಿಲ್ಲ. ಹಚ್ಚಿಕೊಟ್ಟೆ.

"ಬಾಯಾರ, ಕುಂತಿದ್ದು ನಮ್ಮವರ ಮ್ಯಾಲ, ಉಂಡಿದ್ದು ನನ್ನ ಜಾಗಾದಾಗ. ತಕರಾರು ಇದ್ರ ನಂದಿರಬೇಕು. ನಂದಿಲ್ಲ."

ಹೆಡ್ ಬಾಯಿ ಸಣ್ಣ ದನಿಯಲ್ಲಿ ಕೇಳಿದರು:

"ನಿಮಗ ಅಂಜಿಕಿ ಬರಲಿಲ್ಲೇನ್ರಿ, ಅಲ್ಲಿ ಕುಂದ್ರಾಕ?"

"ಬಂದಿತ್ರಿ. ಒಬ್ಬಾಕೀನ ಹೋದಾಗೆಲ್ಲ ಬರ್ತಿತ್ತು. ಅವತ್ತ ಮಕ್ಕಳಿದ್ವು."

ಇದನ್ನು ಅತ್ತೆ ನನಗೆ ಎಂದೂ ಹೇಳಿರಲಿಲ್ಲ. ಪ್ರತಿ ಸೋಮವಾರ ನಾನೇ ಅವರ ಕೈಗೆ ತಂಬಿಗೆ ಕೊಟ್ಟು ಕಳಿಸಿದ್ದೇನೆ.

ಮಕ್ಕಳ ವಿಷಯ ಆಮೇಲೆ, ಮೊದಲು ತಾವೇ ಒಮ್ಮೆ ಬಂದು ಆ ಜಾಗ ನೋಡುವುದಾಗಿ ಹೇಳಿದರು ಹೆಡ್ ಬಾಯಿ. ಅತ್ತೆ ಫೋನನ್ನು ನನ್ನ ಕೈಗಿಟ್ಟರು. ಎರಡು ಹೆಜ್ಜೆ ಹೋದವರು ನಿಂತರು.

"ಯಾವತ್ತ ಬರ್ತೀರಿ ಅಂತ ಕೇಳಲೇ ಇಲ್ಲ ನೋಡು. ಹಚ್ಚು, ಮತ್ತ ಹಚ್ಚು."