ಇಪ್ಪತ್ತೆರಡು ಚಾಪೆ

ಬೀರಕ್ಕ ಪರಿಗಿಯವಳು. ಹಿಂದೂಪುರದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ಆಯಾ ಆಗಿದ್ದು, ೧೯೪೯ರಲ್ಲಿ ಕಲ್ಯಾಣದುರ್ಗದ ಹೆಣ್ಣುಮಕ್ಕಳ ಅನಾಥಾಲಯವನ್ನು ನೋಡಿಕೊಳ್ಳಲು ಬಂದಳು. ಓದುಬರಹ ಅಷ್ಟಕ್ಕಷ್ಟೆ, ಕಣ್ಣು ಚುರುಕು.

ಬಂದ ಮರುದಿನ ಬೆಳಿಗ್ಗೆ ಒಂಬತ್ತು ವರ್ಷದ ಭ್ರಮರಾಂಬ ಒದ್ದೆ ಚಾಪೆಯನ್ನು ತಲೆಯ ಮೇಲೆ ಹೊತ್ತು ಬಾವಿಕಟ್ಟೆಯ ಬಳಿ ನಿಂತಿದ್ದಳು. ಉಳಿದ ಇಪ್ಪತ್ತೊಂದು ಹುಡುಗಿಯರು ಮುಖ ತೊಳೆಯುತ್ತ, "ಕೆರೆ ಕೋಡಿ ಬಿತ್ತು ಕಣ್ರೇ!" ಎಂದು ಕೂಗುತ್ತಿದ್ದರು. ಹಾಸಿಗೆ ಒದ್ದೆ ಮಾಡಿದವಳು ಗಂಜಿಯ ಗಂಟೆ ಹೊಡೆಯುವವರೆಗೂ ಹಾಗೇ ನಿಲ್ಲಬೇಕು. ಎರಡು ವರ್ಷದಿಂದ ನಡೆದುಬಂದ ಶಿಕ್ಷೆ.

ಮ್ಯಾನೇಜರ್ ರಾಮಲಿಂಗಯ್ಯ ಕೆಟ್ಟವನಲ್ಲ, ನಿಯಮದವನು. "ಸೋಮವಾರ ಹಿಂದೂಪುರದಿಂದ ಸೆಕ್ರೆಟರಿ ಕೊಟ್ಟೂರಪ್ಪನೋರು ಬತ್ತಾರೆ. ಅವತ್ತೂ ಹಿಂಗೇ ಆದ್ರೆ ಇವಳನ್ನ ಬ್ರಹ್ಮಸಮುದ್ರಕ್ಕೆ ವಾಪಸ್ ಕಳ್ಸೋದೇ ಕಣಮ್ಮ."

"ಅಲ್ಲಿ ಯಾರವ್ರೆ?"

"ಚಿಕ್ಕಪ್ಪ ಇದ್ದ. ಊರು ಬಿಟ್ಟು ಹೋದ್ನಂತೆ."

"ಹಂಗಾದ್ರೆ ಬೀದಿಗೆ ಕಳಿಸ್ತೀನಿ ಅನ್ನಿ, ಅಯ್ನೋರೆ."

ಬೀರಕ್ಕ ಹುಡುಗಿಯನ್ನೇ ಕೇಳಿದಳು. "ಎದ್ದು ಆಚೆ ಹೋಗಾಕೆ ಏನೇ ನಿಂಗೆ?"

"ಬಾಗ್ಲಿಗೆ ಆಚೆಯಿಂದ ಚಿಲಕ ಕಣಕ್ಕ."

ನಿಜ. ದೀಪ ಹಚ್ಚುವ ಹೊತ್ತಿಗೆ ಹಾಕಿದ ಚಿಲಕವನ್ನು ತೆಗೆಯುತ್ತಿದ್ದುದು ಬೆಳಗಾದ ಮೇಲೆ. ಬೀರಕ್ಕ ಮಲಗುವ ಕೋಣೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಗಳನ್ನೆಲ್ಲ ಬಿಚ್ಚಿದಳು. ಇನ್ನೂ ನಾಲ್ಕು ಒದ್ದೆಯಾಗಿದ್ದವು, ಕೂಗಿದವರದೇ. ಅವಳು ಯಾರ ಹೆಸರನ್ನೂ ಎತ್ತಲಿಲ್ಲ. ನಾಳೆಯಿಂದ ಎಲ್ಲರೂ ತಮ್ಮ ತಮ್ಮ ಚಾಪೆ ತೊಳೆದು ಗೋಡೆಯ ಮೇಲೆ ಹರವಬೇಕು ಎಂದಳು.

"ನಂದು ಒಣಗೇ ಐತಲ್ಲಕ್ಕ?" ಎಂದಳು ಕೂಗಿದವರಲ್ಲೊಬ್ಬಳು.

"ಒಣಗಿದ್ರೂ ತೊಳಿಯೇ. ತಿಗಣೆ ಕೇಳ್ಕೊಂಡು ಬತ್ತದಾ?"

ಸೋಮವಾರ ಬೆಳಿಗ್ಗೆ ಕೊಟ್ಟೂರಪ್ಪ ಬಂದಾಗ ಕಾಂಪೌಂಡಿನ ಸುತ್ತ ಇಪ್ಪತ್ತೆರಡು ಚಾಪೆಗಳೂ ನೀರು ಸೋರಿಸುತ್ತಿದ್ದವು. ರಾಮಲಿಂಗಯ್ಯ ತಬ್ಬಿಬ್ಬಾದ. "ಇದರಲ್ಲಿ ಅವಳ್ದು ಯಾವ್ದು?"

"ನೀವೇ ಹೇಳಿ. ಬೇಕಿದ್ರೆ ಮೂಸಿ ನೋಡಿ."

ಕೊಟ್ಟೂರಪ್ಪ ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ರಾಮಲಿಂಗಯ್ಯನಿಗೆ ಸಿಟ್ಟು ಬಂತು. "ಶಿಕ್ಷೆ ಇಲ್ದೆ ಮಕ್ಳು ಕಲೀತಾವಾ?"

"ಎರಡು ವರ್ಸ ಕೊಟ್ರಲ್ಲ, ಕಲಿತಳಾ? ಆಚೆಯಿಂದ ಚಿಲಕ ಹಾಕ್ಬುಟ್ಟು, ಎದ್ದು ಹೋಗ್ಲಿಲ್ಲ ಅಂತ ನಿಲ್ಲಿಸ್ತೀರಲ್ಲ!"

"ತೆಗೆದಿಟ್ರೆ ಓಡಿಹೋಗ್ತಾರೆ."

"ಬಾಗ್ಲಿಗೆ ಅಡ್ಡ ನಾನು ಮಲೀಕಂತೀನಿ. ಓಡೋರು ನನ್ನ ತುಳಿದೇ ಓಡ್ಲಿ."

ಕೊಟ್ಟೂರಪ್ಪ ಮಲಗುವ ಕೋಣೆಯೊಳಗೆ ಹೋಗಿ, ಚಿಲಕ ಹಾಕುವಂತೆ ಸನ್ನೆ ಮಾಡಿದ. ಒಳಗಿನಿಂದ ಎರಡು ಸಲ ಬಾಗಿಲು ತಳ್ಳಿದ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವನ ಮುಖದಲ್ಲಿ ನಗೆಯಿರಲಿಲ್ಲ.

"ಹಿಂದೂಪುರದ ನಮ್ಮ ಅನಾಥಾಲಯಕ್ಕೂ ಹಿಂಗೇ ಹಾಕ್ಸಿದೀವಿ ಕಣಯ್ಯ. ಎರಡಕ್ಕೂ ಚಿಲಕ ಒಳಗಡೆ ಆಗ್ಬೇಕು. ಆ ಮಗು ಇಲ್ಲೇ ಇರ್ಲಿ."

ಭ್ರಮರಾಂಬಳ ತೊಂದರೆ ಒಂದೇ ದಿನಕ್ಕೆ ನಿಲ್ಲಲಿಲ್ಲ. ಯುಗಾದಿಯ ಹೊತ್ತಿಗೆ ಅಪರೂಪವಾಯಿತು. ಆದರೆ ಆ ಸೋಮವಾರ ಮಧ್ಯಾಹ್ನವೇ ಬಡಗಿ ಎರ್ರಪ್ಪ ಬಂದು, ಚಿಲಕ ಎಷ್ಟೆತ್ತರಕ್ಕೆ ಬೇಕೆಂದು ತೆಲುಗಿನಲ್ಲಿ ಕೇಳಿದ. ರಾಮಲಿಂಗಯ್ಯ ತನ್ನ ಎದೆಮಟ್ಟ ತೋರಿಸಿದ. ಬೀರಕ್ಕ ಭ್ರಮರಾಂಬಳನ್ನು ಬಾಗಿಲ ಪಕ್ಕ ನಿಲ್ಲಿಸಿ, "ಕೈ ಎತ್ತೇ" ಎಂದಳು.

ಹುಡುಗಿ ಕೈ ಎತ್ತಲಿಲ್ಲ. ಅಂಗಳದತ್ತ ನೋಡಿ, "ಗಂಗಿ ನಂಗಿಂತ ಗಿಡ್ಡಿ ಕಣಕ್ಕ. ಅವಳ್ನ ಕರೀಲಾ?" ಎಂದಳು.

ಐದು ವರ್ಷದ ಗಂಗಿಯ ಬೆರಳು ಎಟುಕಿದ ಕಡೆ ಎರ್ರಪ್ಪ ಸೀಮೆಸುಣ್ಣದ ಗೆರೆ ಎಳೆದ.