ಕೋಟೆಯ ಹೊರಗಿನ ಮರ

ನನ್ನ ತಮ್ಮ ಪ್ರವಾಸದ ಬಸ್ಸಿನ ಡ್ರೈವರು. ಆ ಹಳೆಯ ರಾಜಧಾನಿಗೆ ವಾರಕ್ಕೊಮ್ಮೆಯಾದರೂ ಜನರನ್ನು ತುಂಬಿಕೊಂಡು ಹೋಗಿಬರುತ್ತಾನೆ. ಹತ್ತು ವರ್ಷದ ಮೇಲಾಯಿತು. ಆ ದಾರಿಯ ಒಂದೊಂದು ಗುಂಡಿಯೂ ಅವನಿಗೆ ನೆಂಟ. ಆದರೆ ಅಲ್ಲಿನ ಕೋಟೆಯ ಬಾಗಿಲಿನಿಂದ ಆಚೆಗೆ ಅವನು ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಮೊದಮೊದಲು ನಾನೂ ನಂಬಿರಲಿಲ್ಲ.

ಕಾರಣ ಸರಳ. ಜನ ಕೋಟೆ ನೋಡಲು ಇಳಿದಾಗ ಅವರ ಚೀಲ, ಪೆಟ್ಟಿಗೆ, ಮಕ್ಕಳ ಸ್ವೆಟರು ಎಲ್ಲ ಬಸ್ಸಿನಲ್ಲೇ ಇರುತ್ತವೆ. ಹಿಂದೆ ಅವುಗಳ ಕಾವಲಿಗೆ ಕ್ಲೀನರ್ ಒಬ್ಬನಿದ್ದ. ಇವನು ಕೆಲಸಕ್ಕೆ ಸೇರಿದ ವಾರವೇ ಮಾಲೀಕರು ಅವನನ್ನು ಬಿಡಿಸಿ, “ಡ್ರೈವರ್ ಇದಾನಲ್ಲ, ಸಾಕು” ಎಂದರು. ಅಂದಿನಿಂದ ಇವನು ಬಸ್ಸು ಬಿಟ್ಟು ಅಲ್ಲಾಡುವಂತಿಲ್ಲ. ಬಸ್ಸು ನಿಲ್ಲಿಸುವ ಬಯಲಿನ ಮೂಲೆಯಲ್ಲಿ ಒಂದು ದೊಡ್ಡ ಮರವಿದೆಯಂತೆ. ಅದರ ಬುಡದಲ್ಲಿ ಚಾಪೆ ಹಾಸಿ, ಒಂದು ಕಣ್ಣು ಬಸ್ಸಿನ ಮೇಲಿಟ್ಟು ಮಲಗುತ್ತಾನೆ. ಮಧ್ಯಾಹ್ನ ಅಲ್ಲಿಂದಲೇ ಮನೆಗೊಂದು ಫೋನು.

ಫೋನು ಎತ್ತುವವಳು ನಾನು, ಮಾತಾಡುವವಳು ಅವನ ಮಗಳು. ನಾಲ್ಕು ವರ್ಷದ ಈ ಪುಟಾಣಿಯನ್ನು ನಾವೆಲ್ಲ ಪಿಟೀಲು ಎನ್ನುತ್ತೇವೆ. ಹುಟ್ಟಿದ ದಿನವೇ ಇಡೀ ವಾರ್ಡು ಎದ್ದು ಕೂರುವ ಹಾಗೆ ರಾಗ ಎಳೆದವಳು. ಇವಳ ಅಮ್ಮ ಅದೇ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಹಾಗಾಗಿ ಪಿಟೀಲು ಹಗಲೆಲ್ಲ ನಮ್ಮ ಕೆಳಮನೆಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕ, ಬಟ್ಟೆಯ ಚೂರುಗಳ ರಾಶಿಯ ಮೇಲೆ ಉರುಳಾಡಿಕೊಂಡು ಬೆಳೆಯುತ್ತಿದ್ದಾಳೆ.

“ಅಪ್ಪಾ, ಎಲ್ಲಿದೀಯಾ?”

“ಮರದ ಕೆಳಗೆ, ಚಿನ್ನ.”

“ಮಲ್ಕೊಂಡಿದೀಯಾ?”

“ಹೂಂ.”

“ನಾನೂ ಬರ್ಲಾ?”

ಮಾತು ಇಲ್ಲಿಗೆ ಬಂದಾಗ ಪ್ರತಿಸಲವೂ ಅವನು ಕೋಟೆಯ ಕಥೆ ಶುರುಮಾಡುತ್ತಿದ್ದ.

ಕೋಟೆಯನ್ನೇ ನೋಡದವನು ಕೋಟೆಯ ಕಥೆ ಹೇಳುವುದೆಂದರೇನು? ಬಸ್ಸು ಓಡಿಸುವವನು ರೈಲು ಬಿಡ್ತಾನೆ ಎಂದು ನಾನು ರೇಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅವನದು ಕಟ್ಟುಕಥೆಯಲ್ಲ. ಕೋಟೆ ಸುತ್ತಿ ಸುಸ್ತಾಗಿ ಬಸ್ಸು ಹತ್ತುವ ಜನ ಆಡಿಕೊಳ್ಳುವ ಮಾತನ್ನು ತನ್ನ ಸೀಟಿನಲ್ಲೇ ಕೂತು ಕೇಳಿಸಿಕೊಂಡು, ಜೋಡಿಸಿ ಹೇಳುತ್ತಿದ್ದ. ಸುಸ್ತಾದವರು ಶಿಲ್ಪದ ಮಾತಾಡುತ್ತಾರೆಯೇ? ಆ ಮೆಟ್ಟಿಲು ಹತ್ತಿ ಮಂಡಿ ಹೋಯಿತು ಎನ್ನುತ್ತಾರೆ. ಕೋತಿ ನೀರಿನ ಬಾಟಲಿ ಕಿತ್ತುಕೊಂಡಿತು ಎನ್ನುತ್ತಾರೆ. ದೊಡ್ಡ ಹಜಾರದಲ್ಲಿ ಕೂಗಿದರೆ ನಮ್ಮ ದನಿ ನಮಗೇ ವಾಪಸು ಬಂತು ಎನ್ನುತ್ತಾರೆ. ಹಾಗಾಗಿ ಪಿಟೀಲಿನ ಕೋಟೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಅಲ್ಲಿರುವುದು ಮಂಡಿನೋವಿನ ಮೆಟ್ಟಿಲು, ಬಾಟಲಿ ಕಳ್ಳರ ಗೋಡೆ, ಅಜ್ಜಂದಿರು ದಾರಿ ತಪ್ಪುವ ಬಾಗಿಲು, ಮಾತು ವಾಪಸು ಕೊಡುವ ಮನೆ. ಕೋಟೆ ಕಟ್ಟಿಸಿದವನು ಕೇಳಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ.

ತಮ್ಮನಿಗಿದ್ದ ಆಸೆ ಒಂದೇ. ಮಗಳ ಕೈ ಹಿಡಿದು ಆ ಬಾಗಿಲು ದಾಟಬೇಕು, ಮಾತು ವಾಪಸು ಕೊಡುವ ಮನೆಯಲ್ಲಿ ನಿಂತು ಅವಳನ್ನು ಕೂಗಬೇಕು. ಇದೇನು ಮಹಾ ಎನಿಸಬಹುದು. ಆದರೆ ಊರಿಗೆಲ್ಲ ರಜೆ ಬಂದಾಗಲೇ ಇವನಿಗೆ ಕೈತುಂಬ ಕೆಲಸ. ಇವನಿಗೆ ಬಿಡುವಾದಾಗ ಹೆಂಡತಿಗೆ ಪಾಳಿ. ಎರಡೂ ಕೂಡಿಬಂದ ಒಂದು ಸಲ ಪಿಟೀಲಿಗೆ ಜ್ವರ. ಮುಂದಿನ ವರ್ಷ ಅವಳು ಶಾಲೆಗೆ ಹೋಗುತ್ತಾಳೆ. “ಆಮೇಲೆ ಅವಳ ರಜೆ, ನನ್ನ ರಜೆ ಒಂದಾಗೋದು ಕನಸು ಅಕ್ಕ. ಈಗ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ” ಎಂದು ಒಂದು ದಿನ ಹೇಳಿದ. 

ಕೊನೆಗೆ ಕೈಹಿಡಿದದ್ದು ಬಸ್ಸೇ. ಅದರ ಎಂಜಿನ್ ಕೈಕೊಟ್ಟು ಗ್ಯಾರೇಜು ಸೇರಿತು. ತಮ್ಮನ ಹೆಂಡತಿ ಜೊತೆಯವಳನ್ನು ಕಾಡಿ ಬೇಡಿ ಪಾಳಿ ಬದಲಾಯಿಸಿಕೊಂಡಳು. ಒಂದು ಸಂಜೆ ಎಲ್ಲರೂ ನಾನು ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಸೇರಿದೆವು. ತಮ್ಮ ನನ್ನ ಸೀಮೆಸುಣ್ಣ ಎತ್ತಿಕೊಂಡು, ಮೇಜಿನ ಮೇಲೆ ಹರಡಿದ್ದ ಬಟ್ಟೆಯ ಮೇಲೆಯೇ ಗೆರೆ ಎಳೆಯಲು ಹೊರಟ.

“ಲೋ, ಗಿರಾಕಿ ಬಟ್ಟೆ ಕಣೋ ಅದು!”

“ಒರೆಸಿದ್ರೆ ಹೋಗುತ್ತೆ ಬಿಡಕ್ಕ. ನೋಡು, ಬೆಳಗ್ಗೆ ಕೋಟೆ. ಅಲ್ಲಿಂದ ಅರಮನೆ. ಆಮೇಲೆ ಮ್ಯೂಸಿಯಂ. ಊಟಕ್ಕೆ ಅರ್ಧ ಗಂಟೆ. ಊಟ ಆದ ತಕ್ಷಣ ಕೆರೆ. ಲೇಟಾದೋರನ್ನ ಕಾಯೋದಿಲ್ಲ.”

“ರೀ,” ಎಂದಳು ಹೆಂಡತಿ, “ಯಾರನ್ನ ಕಾಯೋದಿಲ್ಲ? ನಾಲ್ಕು ವರ್ಷದ ಮಗು ರೀ ಅದು, ನಿಮ್ಮ ಪ್ಯಾಸೆಂಜರ್ ಅಲ್ಲ. ಮಧ್ಯಾಹ್ನ ನಿದ್ದೆ ಬೇಕು. ಅರಮನೇಲಿ ಎತ್ಕೋ ಅಂತಾಳೆ. ಎತ್ಕೊಂಡ್ರೆ ಇಳಿಸು ಅಂತಾಳೆ.”

ಅವನು ಅರಮನೆ ಒರೆಸಿದ. ಅವಳು ಕಣ್ಣು ಬಿಟ್ಟ ಮೇಲೆ ಮ್ಯೂಸಿಯಮ್ಮನ್ನೂ ಒರೆಸಿದ. ಕೆರೆಯೂ ಹೋಯಿತು. ಕೊನೆಗೆ ಬಟ್ಟೆಯ ಮೇಲೆ ಉಳಿದದ್ದು ಕೋಟೆಯ ಗೆರೆಯೊಂದೇ. ಅದನ್ನು ಅವನು ಇನ್ನೊಮ್ಮೆ ತೀಡಿ ದಪ್ಪ ಮಾಡಿದ.

“ಅಲ್ಲಿ ನಿಂಗೆ ಎಲ್ಲಕ್ಕಿಂತ ಮೊದ್ಲು ಏನು ನೋಡ್ಬೇಕಮ್ಮ?” ಎಂದು ಪಿಟೀಲನ್ನು ಕೇಳಿದ.

“ಅಲ್ಲಿಗೆ ಹೋದ್ಮೇಲೆ ಹೇಳ್ತೀನಿ,” ಎಂದಳು ದೊಡ್ಡವರ ಹಾಗೆ.

ಅವನು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಮಾತು ವಾಪಸು ಕೊಡುವ ಮನೆಯೇ ಇರಬೇಕೆಂದು ಅವನ ಲೆಕ್ಕ. ನನ್ನದೂ ಅದೇ ಲೆಕ್ಕ.

ನನ್ನನ್ನೂ ಎಳೆದುಕೊಂಡು ಹೋದರು. ಮುಂಜಾನೆಯ ಸಾಮಾನ್ಯ ಬಸ್ಸು. ತಮ್ಮ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಮದುಮಗನ ಹಾಗೆ ಕೂತಿದ್ದ. ಕೂತಿದ್ದ ಎನ್ನುವುದೂ ತಪ್ಪೇ; ತಿರುವು ಬಂದಾಗಲೆಲ್ಲ ಅವನ ಬಲಗಾಲು ಮುಂದಿನ ಸೀಟಿನ ಕೆಳಗೆ ನೆಲ ಒತ್ತುತ್ತಿತ್ತು. “ಬ್ರೇಕ್ ಅವರೇ ಹಾಕ್ತಾರೆ, ನೀವು ಕಿಟಕಿ ನೋಡಿ” ಎಂದು ಹೆಂಡತಿ ನಕ್ಕಳು. ಅವಳು ಅಷ್ಟು ಬಿಚ್ಚು ಮನಸ್ಸಿನಿಂದ ನಕ್ಕದ್ದನ್ನು ನಾನು ನೋಡಿ ತುಂಬಾ ದಿನವಾಗಿತ್ತು.

ಬಿಸಿಲೇರುವ ಹೊತ್ತಿಗೆ ಕೋಟೆಯ ಮುಂದಿದ್ದೆವು. ತಮ್ಮ ಓಡಿಹೋಗಿ ಟಿಕೆಟ್ಟು ತಂದ. ಬಾಗಿಲಿನ ಮುಂದೆ ನಿಂತು, ಕೂದಲು ಸರಿಮಾಡಿಕೊಂಡು, ಮಗಳತ್ತ ಕೈ ಚಾಚಿದ. ಅವಳು ಬಾಗಿಲಿಗೆ ಬೆನ್ನು ಹಾಕಿ ಬಯಲಿನ ಕಡೆ ನೋಡುತ್ತಿದ್ದಳು.

“ಮರ ಎಲ್ಲಿ?”

“ಯಾವ ಮರ?”

“ನೀನು ಮಲ್ಗೋ ಮರ. ಅದೇ ಮೊದ್ಲು.”

ತಮ್ಮನ ಚಾಚಿದ ಕೈ ಹಾಗೇ ಉಳಿಯಿತು. ಆಮೇಲೆ ಆ ಕೈಯಿಂದಲೇ ಮರ ತೋರಿಸಿದ. ಅವಳು ಒಂದೇ ಉಸಿರಿಗೆ ಓಡಿದಳು.

ಬುಡದ ಸುತ್ತ ಒಂದು ಸುತ್ತು ಬಂದು, ಎಲ್ಲಿ ತಲೆ, ಎಲ್ಲಿ ಕಾಲು ಎಂದು ವಿಚಾರಿಸಿದಳು. ನನ್ನ ಚೀಲದಲ್ಲಿದ್ದ ಹೊದಿಕೆ ಹಾಸಿಸಿದಳು. “ನೀನೂ ಮಲ್ಕೋ. ಒಂದು ಕಣ್ಣು ಮುಚ್ಚು, ಒಂದು ಕಣ್ಣು ಬಸ್ ಮೇಲೆ” ಎಂದು ಅಪ್ಪಣೆಯಾಯಿತು. ಅವನು ಬಿಳಿ ಶರ್ಟಿನಲ್ಲೇ ಮಣ್ಣಿಗೆ ಬೆನ್ನು ಕೊಟ್ಟ. ಅವಳು ಅವನ ತೋಳಿನ ಮೇಲೆ ತಲೆಯಿಟ್ಟು, ತಾನೂ ಒಂದು ಕಣ್ಣು ಮುಚ್ಚಲು ಒದ್ದಾಡುತ್ತಾ, ಎರಡನ್ನೂ ಮುಚ್ಚಿ ನಿದ್ದೆ ಹೋದಳು. ನಸುಕಿಗೇ ಎದ್ದ ಮಗು.

ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದಾಗ. “ಏನಾಯ್ತಪ್ಪ?”

“ನೆರಳು ಹೋಯ್ತು ಚಿನ್ನ. ಈ ಕಡೆ ಜರುಗೋಣ.”

“ದಿನಾ ಹೋಗುತ್ತಾ?”

“ದಿನಾ ಹೋಗುತ್ತೆ. ಅದು ಹೋದ ಕಡೆ ನಾನೂ ಹೋಗ್ತೀನಿ.”

ಸರಿ, ಅದೇ ಆಟವಾಯಿತು. ನೆರಳು ಒಂದು ಗೇಣು ಸರಿಯುವುದು, ಹೊದಿಕೆ ಸಮೇತ ಅಪ್ಪ ಮಗಳು ಸರಿಯುವುದು. ಬ್ರೆಡ್ಡು, ಬಾಳೆಹಣ್ಣು ಎಲ್ಲ ಅಲ್ಲೇ. ಒಳಗೆ ಹೋಗೋಣವಾ ಎಂದರೆ ಪಿಟೀಲು ಶ್ರುತಿ ಏರಿಸುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾದವನು, ಬಾಗಿಲು ಕಣ್ಣೆದುರಿಗೇ ಇದೆ, ಟಿಕೆಟ್ಟು ಜೇಬಿನಲ್ಲಿದೆ.

“ನೀವಾದ್ರೂ ಹೋಗಿ ಬನ್ನಿ. ನಾನು ಇವಳ ಜೊತೆ ಇರ್ತೀನಿ” ಎಂದಳು ಹೆಂಡತಿ.

“ಎದ್ದು ಹೋಗೋ ದಡ್ಡ!” ಎಂದು ನಾನು ಗದರಿದೆ.

ಅವನು ಎದ್ದು, ಬೆನ್ನಿನ ಮಣ್ಣು ಕೊಡವಿಕೊಂಡು ಹೋದ. ಬಾಗಿಲವರೆಗೂ ಹೋದದ್ದು ನನಗೆ ಕಾಣಿಸುತ್ತಿತ್ತು. ಅಲ್ಲಿ ನಿಂತು ಒಳಕ್ಕೆ ಕತ್ತು ಚಾಚಿ ನೋಡಿದ. ನೋಡಿದ, ನೋಡಿದ, ತಿರುಗಿ ಬಂದ.

“ಅವಳಿಲ್ದೆ ಒಳಗೆ ಹೋಗಿ ಯಾರನ್ನ ಕೂಗ್ಲಿ ಅಕ್ಕ?”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅತ್ತರೆ ಮಗು ಹೆದರುತ್ತದೆಂದು ಬಾಳೆಹಣ್ಣಿನ ಸಿಪ್ಪೆ ಎಸೆಯುವ ನೆಪದಲ್ಲಿ ಮರದ ಹಿಂದಕ್ಕೆ ಹೋದೆ.

ಸಂಜೆ ಕೋಟೆಯ ಬಾಗಿಲು ಹಾಕಿದರು. ಕೊನೆಗೆ ಹೊರಬಂದ ಗುಂಪು ನಮ್ಮ ಪಕ್ಕದಲ್ಲೇ ಕುಂಟುತ್ತಾ ಬಸ್ಸಿನತ್ತ ನಡೆಯಿತು. ದಪ್ಪನೆಯ ಹೆಂಗಸೊಬ್ಬರು, “ಅಯ್ಯೋ, ನನ್ನ ಮಂಡಿ ಹೋಯ್ತು!” ಎಂದರು. ಪಿಟೀಲು ಕುಣಿದಾಡಿಬಿಟ್ಟಳು. “ಅಪ್ಪಾ, ಮೆಟ್ಟಿಲು ನಿಜವಾಗ್ಲೂ ಇದೆ!” ಅವಳಿಗೆ ಅಷ್ಟೇ ಸಾಕಾಗಿತ್ತು. ವಾಪಸು ಬರುವಾಗ ತಮ್ಮ ಬ್ರೇಕು ಒತ್ತಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಆಚೆಗೇ ನೋಡುತ್ತಿದ್ದ. ಹರಿಯದ ಟಿಕೆಟ್ಟುಗಳು ಜೇಬಿನಲ್ಲೇ ಮರೆತುಹೋಗಿ, ಶರ್ಟು ಒಗೆಯುವಾಗ ಮುದ್ದೆಯಾದವು.

ಬಸ್ಸು ಗ್ಯಾರೇಜಿನಿಂದ ಬಂತು. ತಮ್ಮ ಮತ್ತೆ ಅದೇ ದಾರಿ ಹಿಡಿದ. ಮೊದಲ ದಿನ ಮಧ್ಯಾಹ್ನ ಎಂದಿನಂತೆ ಫೋನು ಬಂತು. ನಾನು ಎತ್ತಿ ಪಿಟೀಲಿಗೆ ಕೊಟ್ಟೆ. ಎಲ್ಲಿದೀಯಾ ಎನ್ನುತ್ತಾಳೆ, ನಾನೂ ಬರ್ಲಾ ಎನ್ನುತ್ತಾಳೆ ಎಂದುಕೊಂಡೆ. ಎರಡನ್ನೂ ಕೇಳಲಿಲ್ಲ.

“ಅಪ್ಪಾ, ನೆರಳು ಹೋಗಿರುತ್ತೆ ನೋಡು. ಆ ಕಡೆ ಜರುಗು.”

ಆ ಕಡೆಯಿಂದ ಚಾಪೆ ಎಳೆದ ಸದ್ದು ಬಂತು. ನಾನು ಯಂತ್ರ ತುಳಿಯುವುದನ್ನು ನಿಲ್ಲಿಸಿದೆ.

“ಜರುಗಿದೆ, ಚಿನ್ನ.”

“ಇನ್ನೂ ಸ್ವಲ್ಪ,” ಎಂದಳು. ಬಟ್ಟೆಯ ಚೂರುಗಳ ಮೇಲೆ ಮಲಗಿದ್ದವಳು ತಾನೂ ಒಂದಿಷ್ಟು ಜರುಗಿದಳು.