ಓಬಳಯ್ಯ ತಟ್ಟಿದ ಬಂಡೆ

ಓಬಳಯ್ಯನಿಗೆ ನಿದ್ದೆ ಬರುವುದೇ ಮಧ್ಯಾಹ್ನ, ಅದೂ ಬಂಡೆಗೆ ಕಿವಿಯಿಟ್ಟು ಮಲಗಿದರೆ ಮಾತ್ರ. ಮನೆಯಲ್ಲಿ ಮಂಚವಿದೆ, ಫ್ಯಾನಿದೆ, ಹೆಂಡತಿ ಹನುಮಂತಮ್ಮ ಹೊಲಿದ ಕೌದಿಯಿದೆ. ಉಹುಂ, ಅವೆಲ್ಲ ಆ ಪುಣ್ಯಾತ್ಮನಿಗೆ ಚುಚ್ಚುತ್ತವೆ. ಹೆಬ್ಬೂರಿನಿಂದ ಕುಣಿಗಲ್ ಕಡೆ ಹೋಗುವಾಗ ತೆಂಗಿನ ತೋಟಗಳ ಹಿಂದೆ ಸಿಗುವ ಕಲ್ಲಿನ ಕ್ವಾರಿಯೇ ಅವನ ಹಾಸಿಗೆ. ಕಣ್ಣು ಮುಚ್ಚಿದರೆ ಬೆಟ್ಟ ಮೆಲ್ಲಗೆ ಉಸಿರಾಡುತ್ತದಂತೆ, ಒಳಗೆಲ್ಲೋ ನೀರು ಜಿನುಗುತ್ತದಂತೆ, ಇವನು ಸುತ್ತಿಗೆ ಹೆಗಲಿಗಿಟ್ಟುಕೊಂಡು ಬಂಡೆಯೊಳಗೇ ನಡೆದು ಹೋಗುತ್ತಾನಂತೆ.

"ನನ್ ಜೊತೆಗಿಂತ ಬಂಡೆ ಜೊತೆ ಸಂಸಾರ ಮಾಡಿದ್ದೇ ಜಾಸ್ತಿ ನನ್ ಗಂಡ," ಎಂದು ಹನುಮಂತಮ್ಮ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಕನಸುಗಾರ ಸರಿ, ಆದರೆ ಕಿವಿ ಅಂದರೆ ಅದು ಕಿವಿ! ಸುತ್ತಿಗೆಯಲ್ಲಿ ಮೂರು ಸಲ ತಟ್ಟುವನು. ಠಣ್ ಎಂದರೆ ಜೀವವಿರುವ ಕಲ್ಲು, ದೊಬ್ ಎಂದರೆ ಸತ್ತ ಕಲ್ಲು, ಒಳಗೆ ಬಿರುಕಿದೆ ಅಂತ ಅರ್ಥ. ಗುಬ್ಬಿಯ ಎಷ್ಟೋ ಮನೆಗಳ ಕಂಬ, ತುಮಕೂರಿನ ಶೆಟ್ಟಿಹಳ್ಳಿಯ ಎಷ್ಟೋ ಮನೆಗಳ ಹೊಸಿಲು ಅವನು "ಹೂಂ" ಅಂದ ಮೇಲೇ ಬೆಟ್ಟ ಬಿಟ್ಟಿದ್ದು. ಓದಿಲ್ಲ, ಜಮೀನಿಲ್ಲ. ನಲವತ್ತು ವರ್ಷ ದುಡಿದು ಅವನು ಗಳಿಸಿದ್ದು ಆ ಒಂದು ಮಾತಿನ ಮೇಲಿನ ನಂಬಿಕೆಯನ್ನು.

ಈ ವರ್ಷ ರಾಜಧನ ಏರಿತು. ಬೆಟ್ಟದಿಂದ ತೆಗೆದ ಪ್ರತಿ ಟನ್ ಕಲ್ಲಿಗೂ ಸರ್ಕಾರಕ್ಕೆ ಕಟ್ಟಬೇಕಾದ ಹಣ ಅದು. ಕ್ವಾರಿಯವರೆಲ್ಲ ಸೇರಿ, ಕಡಿಮೆ ಮಾಡಿ ಸ್ವಾಮಿ ಎಂದು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಓಬಳಯ್ಯನ ಸಾಹುಕಾರ ಚನ್ನವೀರಯ್ಯ ಒಂದು ಹೆಜ್ಜೆ ಮುಂದೆ ಹೋದ. ನನ್ನ ಬೆಟ್ಟದಲ್ಲಿ ಅರ್ಧಕ್ಕರ್ಧ ಸತ್ತ ಕಲ್ಲೇ ಇದೆ, ನನಗೆ ರಿಯಾಯಿತಿ ಬೇಕೇ ಬೇಕು ಎಂದು ಬರೆದು, ಕ್ವಾರಿಗೆ ಬೀಗ ಜಡಿದ. ಎರಡು ತಿಂಗಳು ಸದ್ದಿಲ್ಲ. ಗುಂಡಿಯಲ್ಲಿ ಮಳೆನೀರು ನಿಂತು, ಅದರಲ್ಲಿ ಮೋಡಗಳು ತೇಲಿದವು, ಬೆಳ್ಳಕ್ಕಿಗಳು ಬಂದು ಕೂತವು. ಓಬಳಯ್ಯ ದಂಡೆಯಲ್ಲಿ ಕೂತು ನೋಡಿದ್ದೇ ನೋಡಿದ್ದು. ಬೆಟ್ಟ ಇಷ್ಟು ಚೆಂದವೆಂದು ಅವನಿಗೇ ಗೊತ್ತಿರಲಿಲ್ಲ. ಆದರೆ ಕೆಲಸಗಾರರ ಇಪ್ಪತ್ತೆರಡು ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಗಿತ್ತು.

ಒಂದು ಸಂಜೆ ಸದಾಶಿವನಗರದಿಂದ ಚನ್ನವೀರಯ್ಯನೇ ಕಾರಿನಲ್ಲಿ ಓಬಳಯ್ಯನ ಮನೆಗೆ ಬಂದ.

"ನಾಳೆ ಗಣಿ ಇಲಾಖೆ ಮೇಡಂ ಬರ್ತಾರೆ ಓಬಳಯ್ಯ. ಮೂಡಲ ಕಡೆ ಬಂಡೆ ಸತ್ತಿದೆ ಅಂತ ಒಂದ್ ಮಾತು ಹೇಳು. ರಿಯಾಯಿತಿ ಸಿಕ್ಕಿದ ಮಾರನೇ ದಿನಾನೇ ಕೆಲ್ಸ ಶುರು."

"ಆ ಬಂಡೆ ಮುಟ್ಟಿದ್ರೆ ಹಾಡ್ತದೆ ಸಾವ್ಕಾರ್ರೇ."

"ಮಾತು ಬಲ್ಲವನಿಗೆ ಜಗಳ ಇಲ್ಲ ಕಣಯ್ಯ," ಎಂದು ನಕ್ಕು ಹೊರಟ.

ಹನುಮಂತಮ್ಮ ನಗಲಿಲ್ಲ. "ಬಂಡೆಗೇನ್ ಮಾನ ಹೋಗ್ತದಾ ಮಾವ? ಕನಕರಾಜು ಮನೇಲಿ ರಾಗಿ ಹಿಟ್ಟೂ ಇಲ್ವಂತೆ. ಹೇಳ್ಬುಡು ಅತ್ಲಾಗೆ."

ಕನಕರಾಜು ಪಕ್ಕದ ಮನೆಯವನು, ಓಬಳಯ್ಯನ ಕೈಯಲ್ಲೇ ಕೆಲಸ ಕಲಿತವನು. ಅವಳು ಹೇಳಿದ್ದರಲ್ಲಿ ಏನು ತಪ್ಪಿತ್ತು?

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ತೆಂಗಿನ ಗರಿಗಳ ತುದಿಗಳಷ್ಟೇ ಕಾಣುತ್ತಿದ್ದವು, ಬೆಟ್ಟ ನೆಲ ಬಿಟ್ಟು ತೇಲುವಂತಿತ್ತು. ತಾನಿನ್ನೂ ನಿದ್ದೆಯಲ್ಲಿದ್ದೇನೋ ಏನೋ ಎಂದು ಓಬಳಯ್ಯನಿಗೆ ಅನುಮಾನ. ಆಳುಗಳೆಲ್ಲ ಸುತ್ತ ನಿಂತಿದ್ದರು. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು.

"ಯಜಮಾನ್ರೆ, ನೀವು ಹಳಬ್ರಂತೆ. ಕಲ್ಲು ಹೇಗಿದೆ ಹೇಳಿ. ಲ್ಯಾಬಿಗೆ ಚೂರು ಎಲ್ಲಿಂದ ತಗೊಳ್ಳಲಿ?" ಎಂದರು.

ಓಬಳಯ್ಯ ಮೂಡಲ ಬಂಡೆಗೆ ಮೂರು ಸಲ ತಟ್ಟಿದ. ಠಣ್, ಠಣ್, ಠಣ್. ಮಂಜಿನಲ್ಲಿ ಆ ನಾದ ತೋಟದಾಚೆಯವರೆಗೂ ಹೋಯಿತು. ಮೇಡಂಗೆ ಅದರ ಅರ್ಥ ತಿಳಿಯದು. ಇಪ್ಪತ್ತೆರಡು ಮಂದಿಗೂ ತಿಳಿಯಿತು.

"ಸತ್ತೈತೆ ಮೇಡಂ," ಎಂದ ಓಬಳಯ್ಯ. ತುದಿಯಲ್ಲಿ ಮಳೆಗೆ ಸಿಕ್ಕಿ ಪುಡಿಯಾಗುತ್ತಿದ್ದ ಜಾಗವನ್ನು ತೋರಿಸಿದ. ಅವರು ಅಲ್ಲಿಂದಲೇ ಚೂರು ತೆಗೆದುಕೊಂಡರು.

ತಿಂಗಳೊಪ್ಪತ್ತಿಗೆ ರಿಯಾಯಿತಿ ಬಂತು. ಬೀಗ ತೆಗೆದರು, ಕಾಯಿ ಒಡೆದರು, ಚನ್ನವೀರಯ್ಯ ಎಲ್ಲರಿಗೂ ಮೈಸೂರುಪಾಕು ಹಂಚಿಸಿದ. ಯಾರೂ ಓಬಳಯ್ಯನನ್ನು ಆಡಿಕೊಳ್ಳಲಿಲ್ಲ. ಅಯ್ಯೋ, ಕೈ ಮುಗಿದವರೂ ಇದ್ದರು! ಅವನಿಗೂ ಎದೆ ಹಗುರಾಯಿತು. ಹೊಸ ಬಂಡೆಯ ಮುಂದೆ ನಿಂತು, ತಟ್ಟಿ, "ಇಲ್ಲಿಂದ ಸೀಳ್ರಪ್ಪಾ, ಗಟ್ಟಿ ಐತೆ," ಎಂದ.

ಉಳಿ ಹಿಡಿದ ಕೈಗಳು ಹಾಗೇ ನಿಂತವು.

"ಒಂದ್ನಿಮಿಷ ಓಬಳಣ್ಣ," ಎಂದ ಕನಕರಾಜು. ಮುಖದಲ್ಲಿ ಕುಹಕವಿಲ್ಲ, ಕೋಪವಿಲ್ಲ. ಅವನ ಕೈಯಿಂದ ಸುತ್ತಿಗೆಯನ್ನು ಮೆತ್ತಗೆ ಈಸಿಕೊಂಡು, ಅದೇ ಜಾಗದಲ್ಲಿ ಮೂರು ಸಲ ತಟ್ಟಿ, ಕಿವಿ ಬಗ್ಗಿಸಿ ಕೇಳಿದ. ನಲವತ್ತು ವರ್ಷದಲ್ಲಿ ಓಬಳಯ್ಯ ತಟ್ಟಿದ ಮೇಲೂ ಇನ್ನೊಬ್ಬ ತಟ್ಟಿ ನೋಡಿದ್ದು ಅದೇ ಮೊದಲು.

"ಹೂಂ, ಗಟ್ಟಿ ಐತೆ," ಎಂದ ಕನಕರಾಜು. ಆಮೇಲೆ ಎಲ್ಲರೂ ಉಳಿ ಇಟ್ಟರು.